ನಮ್ಮ ಸಮಯದ ಜೊತೆ ಯುಟಿಸಿ, ಹ್ಯೂಸ್ಟನ್, ಸಿಂಗಪುರ ಗೊತ್ತಾಗುವ ವಾಚು ಯಾವುದು? ಕೈ ಸಣ್ಣದು, ಮಳೆ ಜಾಸ್ತಿ

ಥಾಣೆ_ಕುಮಟಾ

ಎಲ್ಲರಿಗೂ ನಮಸ್ಕಾರ. ಅಂಧೇರಿಯಲ್ಲಿ ಒಂದು ಹಡಗು ಕಂಪನಿಯ ಆಫೀಸಿನಲ್ಲಿ ಕ್ರೂಯಿಂಗ್ ನೋಡಿಕೊಳ್ಳುತ್ತೇನೆ. ಯಾವ ಹಡಗಿಗೆ ಯಾರು ಹತ್ತಬೇಕು, ಯಾರು ಇಳಿಯಬೇಕು, ಅವರ ಟಿಕೆಟ್, ವೀಸಾ, ಮೆಡಿಕಲ್ ಎಲ್ಲ ನಮ್ಮ ತಲೆಗೇ. ಹಡಗಿನಿಂದ ಬರುವ ಮೇಲ್‌ನಲ್ಲಿ ಸಮಯ ಯುಟಿಸಿಯಲ್ಲಿ (ಅಂದರೆ ಗ್ರೀನಿಚ್ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಇರುತ್ತದೆ. ಬಂದರಿನ ಏಜೆಂಟ್ ತನ್ನೂರಿನ ಸಮಯ ಬರೆಯುತ್ತಾನೆ. ವಿಮಾನದ ಟಿಕೆಟ್‌ನಲ್ಲಿ ಹತ್ತುವುದು ಒಂದೂರಿನ ಸಮಯ, ಇಳಿಯುವುದು ಇನ್ನೊಂದೂರಿನ ಸಮಯ. ಇದರ ನಡುವೆ ಯಾವುದೋ ಹುಡುಗನ ಅಮ್ಮ ಫೋನ್ ಮಾಡಿ "ಮಗನಿಗೆ ಈಗ ಫೋನ್ ಹಚ್ಚಬಹುದಾ, ಅಲ್ಲಿ ರಾತ್ರಿಯಾ ಹಗಲಾ" ಅಂತ ಕೇಳುತ್ತಾರೆ.

ಆಫೀಸಿನ ಗೋಡೆಯ ಮೇಲೆ ನಾಲ್ಕು ಗಡಿಯಾರ ಇವೆ. ಮುಂಬೈ, ಸಿಂಗಪುರ, ರಾಟರ್‌ಡ್ಯಾಮ್, ಹ್ಯೂಸ್ಟನ್. ಹ್ಯೂಸ್ಟನ್ನಿನ ಸೆಲ್ ಹೋಗಿ ಎಷ್ಟು ಕಾಲವಾಯಿತೋ ಯಾರಿಗೂ ನೆನಪಿಲ್ಲ. ರಾಟರ್‌ಡ್ಯಾಮ್ ಚಳಿಗಾಲದಲ್ಲಿ ಮಾತ್ರ ಸರಿ. ಮಾರ್ಚ್ ಬಂದರೆ ಅದನ್ನು ಒಂದು ಗಂಟೆ ಮುಂದೆ ಮಾಡಲು ಏಣಿ ಹತ್ತುವವರು ಬೇಕಲ್ಲ!

ಫೋನಿನಲ್ಲಿ ವರ್ಲ್ಡ್ ಕ್ಲಾಕ್ ಇದೆ, ಗೊತ್ತು. ಆದರೆ ನನಗೆ ಅರ್ಧ ಕರೆಗಳು ಬರುವುದು ದಾರಿಯಲ್ಲಿ. ಥಾಣೆಯಿಂದ ಘಾಟ್ಕೋಪರ್‌ವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ಲೇಡೀಸ್ ಡಬ್ಬಿಯಲ್ಲಿ ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಎದೆಗೆ ಅವಚಿದ ಬ್ಯಾಗಿಗೆ. ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ, ಮಾತಾಡಬಹುದು. ಫೋನ್ ಹೊರಗೆ ತೆಗೆಯುವುದು ಆಗದ ಮಾತು. ಹಿಡಿಕೆ ಹಿಡಿದ ಕೈಯ ವಾಚು ಮಾತ್ರ ಕಣ್ಣೆದುರಿಗೇ ಇರುತ್ತದೆ.

ಬೇಕಾದದ್ದು ಇಷ್ಟು: ಮಣಿಕಟ್ಟು ಬರೀ 15 ಸೆಂಟಿಮೀಟರ್, ಅದಕ್ಕೆ ತಟ್ಟೆಯಷ್ಟು ದೊಡ್ಡ ವಾಚು ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆಯುತ್ತದೆ. ದಿನಾ ಚಾರ್ಜ್ ಮಾಡುವುದು ಬೇಡ. ಹತ್ತು ಸಾವಿರದೊಳಗೆ ಸಿಕ್ಕರೆ ಒಳ್ಳೆಯದು. ತುಂಬಾ ಚೆನ್ನಾಗಿದ್ದರೆ ಇನ್ನಷ್ಟು ಹಾಕುತ್ತೇನೆ.

ಒಂದು ಅಂಗಡಿಯಲ್ಲಿ ನಾಲ್ಕು ಮುಳ್ಳಿನ ಜಿಎಂಟಿ ವಾಚು (ಇನ್ನೊಂದೂರಿನ ಸಮಯ ತೋರಿಸಲು ಒಂದು ಮುಳ್ಳು ಜಾಸ್ತಿ) ತೋರಿಸಿದರು. ನೋಡಲು ಚೆಂದ ಇತ್ತು. "ನಮ್ಮ ಐದೂವರೆಯ ಆ ಅರ್ಧ ಗಂಟೆ ಇದರಲ್ಲಿ ಹೇಗೆ ಬರುತ್ತದೆ" ಅಂತ ಕೇಳಿದೆ. "ಅದನ್ನ ಮನಸ್ಸಲ್ಲೇ ಕೂಡಿಸಿಕೊಳ್ಳಿ ಮೇಡಂ" ಅಂದರು. ಮನಸ್ಸಲ್ಲೇ ಕೂಡಿಸುವುದಾದರೆ ಅಷ್ಟು ದುಡ್ಡು ಯಾಕೆ, ಅಲ್ವಾ?

ಘಾಟ್ಕೋಪರ್_ಗೌಡ

ಮೇಡಂ, ಸುಮ್ನೆ ಒಂದು ಸ್ಮಾರ್ಟ್‌ವಾಚ್ ತಗೊಳ್ಳಿ. ಮುಖದ ಮೇಲೆ ನಾಲ್ಕು ಊರು ಇಟ್ಟುಕೊಳ್ಳಬಹುದು. ಅಮೆರಿಕದವರು ಗಂಟೆ ಹಿಂದೆ ಮುಂದೆ ಮಾಡಿದರೆ ಅದೇ ಸರಿಮಾಡಿಕೊಳ್ಳುತ್ತದೆ. ಚಾರ್ಜ್ ಬೇಡ ಅಂದಿದ್ದೀರಿ, ನಿಜ. ಆದರೆ ಫೋನನ್ನು ದಿನಾ ಚಾರ್ಜ್ ಮಾಡುತ್ತೀರಲ್ಲ, ಪಕ್ಕದಲ್ಲಿ ಇದನ್ನೂ ಇಟ್ಟರಾಯಿತು.

ಪುಣೆ_ವಾಚುಹುಚ್ಚ

ಗೌಡ್ರೇ, ಅವರು ಮೊದಲೇ ಬೇಡ ಅಂದಿದ್ದನ್ನೇ ಮಾರುತ್ತಿದ್ದೀರಿ 😀

ಅಕ್ಕ, ಅಂಗಡಿಯವರು ಸುಳ್ಳು ಹೇಳಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೇ. ಜಿಎಂಟಿ ವಾಚಿನಲ್ಲಿ ನಾಲ್ಕನೇ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುತ್ತದೆ, 24 ಗಂಟೆಯ ಅಂಕಿಗಳ ಮೇಲೆ. ಅದಕ್ಕೆ ಬೇರೆ ನಿಮಿಷದ ಮುಳ್ಳು ಇಲ್ಲ. ಅದನ್ನು ತಿರುಗಿಸಿದಾಗ ಒಂದೊಂದೇ ಗಂಟೆ ಜಿಗಿಯುತ್ತದೆ. ಹಾಗಾಗಿ ನಮ್ಮಲ್ಲಿ ಮಧ್ಯಾಹ್ನ 3:40 ಆಗಿದ್ದರೆ ಅದು 9:40 ತೋರಿಸಬಹುದು, ಇಲ್ಲವೇ 10:40. ನಿಜವಾದ ಯುಟಿಸಿ 10:10. ಎರಡೂ ತಪ್ಪೇ. ಲಂಡನ್, ದುಬೈ, ಸಿಂಗಪುರ ಯಾವುದಕ್ಕೆ ಇಟ್ಟರೂ ಇದೇ ಕಥೆ. ಈ ವಾಚುಗಳನ್ನು ಮಾಡಿದವರ ಊರಿನಲ್ಲಿ ಅರ್ಧ ಗಂಟೆ ಅನ್ನುವುದೇ ಇಲ್ಲ.

ಒಂದು ದಾರಿ ಇದೆ. ಗಾಜಿನ ಸುತ್ತ ತಿರುಗುವ ಬೆಜೆಲ್ (24 ಗಂಟೆಯ ಅಂಕಿ ಇರುವ ಬಳೆ) ಇರುವ ಜಿಎಂಟಿ ತಗೊಳ್ಳಿ. ನಾಲ್ಕನೇ ಮುಳ್ಳನ್ನು ನಮ್ಮ ಸಮಯಕ್ಕೇ ಇಟ್ಟು, ಬೆಜೆಲ್ಲನ್ನು ಐದೂವರೆ ಗಂಟೆಯಷ್ಟು ತಿರುಗಿಸಿ. ಆಗ ಮುಳ್ಳಿನ ತುದಿ ಬೆಜೆಲ್ ಮೇಲೆ ಸರಿಯಾದ ಯುಟಿಸಿ ತೋರಿಸುತ್ತದೆ, 10ರ ಗುರುತು ದಾಟಿ ಸ್ವಲ್ಪ ಮುಂದೆ. ಕೊಳ್ಳುವಾಗ ಅಂಗಡಿಯಲ್ಲೇ ಬೆಜೆಲ್ ತಿರುಗಿಸಿ ಕಿವಿಗೊಟ್ಟು ಕೇಳಿ. ಒಂದು ಸುತ್ತಿಗೆ 24 ಟಿಕ್ ಇದ್ದರೆ ಅದು ಅರ್ಧ ಗಂಟೆಯ ಮೇಲೆ ನಿಲ್ಲುವುದಿಲ್ಲ, ಬೇಡ. 48 ಟಿಕ್ ಇದ್ದರೆ ನಮಗಾಗಿಯೇ ಮಾಡಿದಂತೆ ಕೂರುತ್ತದೆ. 120 ಟಿಕ್‌ನದ್ದಾದರೆ ಅರ್ಧ ಟಿಕ್ ಆಚೀಚೆ, ಅಂದರೆ ಆರು ನಿಮಿಷದ ವ್ಯತ್ಯಾಸ. ಕಣ್ಣಿಗೆ ಕಾಣುವುದೂ ಇಲ್ಲ.

ಸೈಕೋ 5 ಜಿಎಂಟಿ 2022ರಲ್ಲಿ ಬಂತು. 42.5 ಮಿ.ಮೀ., 100 ಮೀಟರ್ ನೀರು ತಡೆಯುತ್ತದೆ, ಬೆಜೆಲ್ ತಿರುಗುತ್ತದೆ. ನಿಮ್ಮ ಕೈಗೆ ದೊಡ್ಡದು. ಮರುವರ್ಷ 39.4 ಮಿ.ಮೀ.ನ ಫೀಲ್ಡ್ ಜಿಎಂಟಿ ತಂದರು. ಅಳತೆ ಸರಿ, ಆದರೆ ಅದರ ಬೆಜೆಲ್ ತಿರುಗುವುದಿಲ್ಲ! ಅಲ್ಲಿಗೆ ನಮ್ಮ ಅರ್ಧ ಗಂಟೆ ಮತ್ತೆ ಮನಸ್ಸಿಗೇ ಬಂತು. ಎರಡೂ ಮೂವತ್ತು ಸಾವಿರ ದಾಟುತ್ತವೆ. ಆಟೊಮ್ಯಾಟಿಕ್ (ಸೆಲ್ ಇಲ್ಲ, ಕೈ ಅಲುಗಾಟಕ್ಕೇ ಕೀ ತುಂಬುತ್ತದೆ) ಆದ್ದರಿಂದ ದಿನಕ್ಕೆ ಕೆಲವು ಸೆಕೆಂಡು ಆಚೀಚೆ ಓಡುತ್ತವೆ. ಕಟ್ಟದೆ ಇಟ್ಟರೆ 41 ಗಂಟೆಗೆ ನಿಲ್ಲುತ್ತವೆ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೆ ಸೋಮವಾರ ಬೆಳಿಗ್ಗೆ ಎಲ್ಲ ಮೊದಲಿನಿಂದ ಸೆಟ್ ಮಾಡಬೇಕು.

ದುಬಾರಿ ಕಡೆಯವರು "ಫ್ಲೈಯರ್" ಅನ್ನುವ ಬಗೆಯನ್ನು ಹೊಗಳುತ್ತಾರೆ. ಅದರಲ್ಲಿ ಜಿಗಿಯುವುದು ನಾಲ್ಕನೇ ಮುಳ್ಳಲ್ಲ, ಊರಿನ ಗಂಟೆಯ ಮುಳ್ಳು. ವಿಮಾನ ಇಳಿದ ಕೂಡಲೇ ಟಕ್ ಟಕ್ ಅಂತ ಬದಲಾಯಿಸಬಹುದು. ಮುಂಬೈಯಿಂದ ದುಬೈಗೆ ಹೋಗುವವರಿಗೆ ಒಂದೂವರೆ ಗಂಟೆ ಜಿಗಿಯಬೇಕು, ಅದು ಜಿಗಿಯುವುದು ಒಂದು ಇಲ್ಲವೇ ಎರಡು. ಮತ್ತೆ ನಿಮಿಷದ ಮುಳ್ಳು ತಿರುಗಿಸಿ. ನೀವು ಕೂತಲ್ಲೇ ಕೆಲಸ ಮಾಡುವವರು, ನಿಮಗಂತೂ ಬೇಡ.

ಒಂದೇ ಕೇಸಿನೊಳಗೆ ಎರಡು ಕ್ವಾರ್ಟ್ಜ್ (ಸೆಲ್‌ನಿಂದ ಓಡುವ) ಮೆಷಿನ್ ಇರುವ ವಾಚುಗಳೂ ಇವೆ. ಎರಡಕ್ಕೂ ಬೇರೆ ಬೇರೆ ಕ್ರೌನ್ (ಸಮಯ ತಿದ್ದುವ ಪಕ್ಕದ ಗುಬಟು), ಯಾವ ನಿಮಿಷಕ್ಕೆ ಬೇಕಾದರೂ ಇಡಬಹುದು. ಆದರೆ ಎರಡು ಮೆಷಿನ್ ಕೂರಬೇಕು ಅಂದಮೇಲೆ ಗಾತ್ರ ಜಾಸ್ತಿ.

ನನ್ನ ಮಾತು ಕೇಳುವುದಾದರೆ ಕ್ಯಾಸಿಯೋ ಎಇ-1200. ಡಿಜಿಟಲ್, ಮೇಲೆ ಪುಟ್ಟ ಭೂಪಟ ಇದೆಯಲ್ಲ ಅದು. 31 ಟೈಮ್ ಝೋನ್, 48 ಊರು, ಜೊತೆಗೆ ಯುಟಿಸಿ. ನಮ್ಮ ಅರ್ಧ ಗಂಟೆ, ನೇಪಾಳದ ಮುಕ್ಕಾಲು ಗಂಟೆ ಎಲ್ಲ ಅದಕ್ಕೆ ಗೊತ್ತು. ಸೆಲ್ ಹತ್ತು ವರ್ಷ ಅನ್ನುತ್ತಾರೆ, 100 ಮೀಟರ್ ನೀರು. ಐದು ಸಾವಿರದ ಆಸುಪಾಸು. ಕೇಸು ಅಗಲವಾಗಿ ಕಂಡರೂ ಮೇಲಿಂದ ಕೆಳಗೆ 45 ಮಿ.ಮೀ. ಅಷ್ಟೇ, ಮಣಿಕಟ್ಟಿನ ಆಚೆ ಚಾಚುವುದಿಲ್ಲ. ಪ್ಲಾಸ್ಟಿಕ್ ಪಟ್ಟಿಯದ್ದು ನಲವತ್ತು ಗ್ರಾಂ ಕೂಡ ಇಲ್ಲ. ಗಾಜು ಮಾತ್ರ ನಿಜವಾದ ಗಾಜಲ್ಲ, ಗೀರು ಬೀಳುತ್ತದೆ. ಲೋಕಲ್ ರೈಲಿನ ಕಂಬಗಳಿಗೆ ತಾಗಿ ತಾಗಿ ವರ್ಷದೊಳಗೆ ಮಂಕಾದರೆ ನನ್ನ ಬೈಯಬೇಡಿ.

ಇನ್ನೊಂದು: ಚೋರ್ ಬಜಾರಿನಲ್ಲಿ ಹಳೇ ವಾಚು ಚೆಂದ ಕಂಡಿತು ಅಂತ ಕೈ ಹಾಕಬೇಡಿ. ಹಳೇ ಮೆಷಿನ್‌ಗೆ ಹೊಸ ಬಣ್ಣದ ಡಯಲ್ ಹಚ್ಚಿ ಮಾರುವುದಕ್ಕೆ ಹೊರದೇಶದ ಸಂಗ್ರಹಕಾರರು "ಮುಂಬೈ ಸ್ಪೆಷಲ್" ಅಂತಲೇ ಹೆಸರಿಟ್ಟಿದ್ದಾರೆ.

ಥಾಣೆ_ಕುಮಟಾ

ಇಷ್ಟೆಲ್ಲ ಬರೆದಿದ್ದಕ್ಕೆ ಥ್ಯಾಂಕ್ಸ್. ಟಿಕ್ ಎಣಿಸುವ ವಿಷಯ ಯಾವ ಅಂಗಡಿಯವರೂ ಹೇಳಿರಲಿಲ್ಲ. ಒಂದು ಅನುಮಾನ. ಕ್ಯಾಸಿಯೋದಲ್ಲಿ ಬೇರೆ ಊರು ನೋಡಲು ಬಟನ್ ಒತ್ತಬೇಕಲ್ಲ? ಹ್ಯೂಸ್ಟನ್, ರಾಟರ್‌ಡ್ಯಾಮ್, ಸಿಂಗಪುರ, ಟೋಕಿಯೋ ಅಂತ ಒಂದೊಂದಕ್ಕೂ ಒತ್ತುತ್ತಾ ಕೂರುವುದಾ? ಮಾರ್ಚ್, ನವೆಂಬರ್ ಬದಲಾವಣೆ ಅದಕ್ಕೆ ತಾನಾಗೇ ಗೊತ್ತಾಗುತ್ತದಾ? ಮತ್ತೆ ಕ್ಯಾಸಿಯೋದವರದೇ ಜಿ-ಶಾಕ್‌ನಲ್ಲಿ ರೇಡಿಯೋ ಸಿಗ್ನಲ್ ಹಿಡಿದು ಸರಿಮಾಡಿಕೊಳ್ಳುವುದು ಇದೆ ಅಂತ ನಮ್ಮ ಆಫೀಸಿನ ಹುಡುಗ ಹೇಳಿದ.

ಪುಣೆ_ವಾಚುಹುಚ್ಚ

ಎಇ-1200ಗೆ ತಾನಾಗಿ ಗೊತ್ತಾಗುವುದಿಲ್ಲ. ಒಂದೊಂದು ಊರಿಗೂ ಡಿಎಸ್‌ಟಿ (ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ಮಾಡುವುದು) ಆನ್, ಆಫ್ ನೀವೇ ಮಾಡಬೇಕು. ರೇಡಿಯೋ ಸಿಗ್ನಲ್ ಕೊಡುವ ಗೋಪುರಗಳು ಜಪಾನ್‌ನಲ್ಲಿ ಎರಡು, ಚೀನಾ, ಜರ್ಮನಿ, ಇಂಗ್ಲೆಂಡ್, ಅಮೆರಿಕದಲ್ಲಿ ಒಂದೊಂದು. ಮುಂಬೈ, ಪುಣೆಯಲ್ಲಿ ಅದನ್ನು ನಂಬಿ ಕೂರಬೇಡಿ, ಆ ಒಂದು ಗುಣಕ್ಕೆ ಜಾಸ್ತಿ ಕೊಡಬೇಡಿ. ಬ್ಲೂಟೂತ್ ಇರುವ ಜಿ-ಶಾಕ್ ಬೇರೆ. ಅದು ಫೋನಿನಿಂದ ಕಲಿತು ಡಿಎಸ್‌ಟಿ ಸರಿಮಾಡಿಕೊಳ್ಳುತ್ತದೆ. ಬೆಲೆ ನಿಮ್ಮ ಹತ್ತು ಸಾವಿರದ ಆಚೆಗೆ ಹೋಗಬಹುದು.

ವಾಸ್ಕೋ_ಹಳೇಮೇಟ್

ತಂಗಿ, ನಾನು ಕಾರವಾರದವನು, ಈಗ ವಾಸ್ಕೋದಲ್ಲಿ ಮನೆ. ಚೀಫ್ ಆಫೀಸರ್ ಆಗಿ ನಿವೃತ್ತ. ನಿನ್ನಂಥವರು ಕಳಿಸಿದ ಟಿಕೆಟ್ ಹಿಡಿದುಕೊಂಡೇ ಜೀವಮಾನ ಓಡಾಡಿದವನು, ಅದಕ್ಕೆ ಒಂದು ಮಾತು.

ನೀನು ಊರು ಲೆಕ್ಕ ಹಾಕುತ್ತಿದ್ದೀಯ. ಊರು ಬಿಡು. ಎರಡನೇ ಸಮಯವನ್ನು ಯುಟಿಸಿಗೆ ಇಟ್ಟುಬಿಡು, ಮತ್ತೆ ಅದನ್ನು ಮುಟ್ಟಲೇಬೇಡ. ನಿನ್ನ ಹತ್ತಿರ ಬರುವ ಊರುಗಳಲ್ಲಿ ಅರ್ಧ ಗಂಟೆಯ ಕಿರಿಕಿರಿ ಇರುವುದು ನಮಗೊಬ್ಬರಿಗೇ. ಒಮ್ಮೆ ಯುಟಿಸಿ ಕಂಡಿತು ಅಂದರೆ ಉಳಿದವೆಲ್ಲ ಇಡೀ ಗಂಟೆ. ಸಿಂಗಪುರ ಎಂಟು ಕೂಡಿಸು. ಟೋಕಿಯೋ ಒಂಬತ್ತು. ದುಬೈ ನಾಲ್ಕು. ರಾಟರ್‌ಡ್ಯಾಮ್ ಒಂದು, ಬೇಸಿಗೆಯಲ್ಲಿ ಎರಡು. ಹ್ಯೂಸ್ಟನ್ ಆರು ಕಳೆ, ಬೇಸಿಗೆಯಲ್ಲಿ ಐದು. ನಮ್ಮ ಸಮಯದಿಂದ ಹ್ಯೂಸ್ಟನ್‌ಗೆ ಹನ್ನೊಂದೂವರೆ ಕಳೆಯುವುದಕ್ಕೂ ಯುಟಿಸಿಯಿಂದ ಆರು ಕಳೆಯುವುದಕ್ಕೂ ಎಷ್ಟು ವ್ಯತ್ಯಾಸ, ನೀನೇ ಲೋಕಲ್‌ನಲ್ಲಿ ನಿಂತು ಮಾಡಿ ನೋಡು.

ಯುಟಿಸಿಗೆ ಬೇಸಿಗೆ ಸಮಯ ಅನ್ನುವುದಿಲ್ಲ. ಹಾಗಾಗಿ ವಾಚಿನಲ್ಲಿ ಡಿಎಸ್‌ಟಿ ತಲೆನೋವೂ ಇಲ್ಲ. ಬದಲಾವಣೆ ನಿನ್ನ ತಲೆಯಲ್ಲಿ ಇದ್ದರೆ ಸಾಕು: ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಮುಂದೆ ಮಾಡುತ್ತದೆ, ಯುರೋಪ್ ಮಾರ್ಚ್‌ನ ಕೊನೇ ಭಾನುವಾರ. ವಾಪಸ್ ಬರುವಾಗ ಯುರೋಪ್ ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಈ ಎರಡರ ನಡುವಿನ ವಾರಗಳಲ್ಲಿ ರಾಟರ್‌ಡ್ಯಾಮ್‌ಗೂ ಹ್ಯೂಸ್ಟನ್‌ಗೂ ಏಳರ ಬದಲು ಆರೇ ಗಂಟೆ. ಏರ್‌ಪೋರ್ಟಿಗೆ ಕಾರು ಬರಲಿಲ್ಲ ಅಂತ ಹುಡುಗರ ಫೋನ್ ಬರುವುದು ಹೆಚ್ಚಾಗಿ ಆಗಲೇ. ಹೌದೋ ಅಲ್ಲವೋ ನಿನ್ನ ಮೇಲ್ ತೆರೆದು ನೋಡು.

ಹಡಗಿನಲ್ಲಿ ನಾವು ಇದನ್ನೇ ಮಾಡುತ್ತಿದ್ದೆವು. ಊಟದ ಕೋಣೆಯ ಗಡಿಯಾರ, ಎಂಜಿನ್ ರೂಮಿನ ಗಡಿಯಾರ ಎಲ್ಲ ಹಡಗು ಹೋದ ಹಾಗೆ ಬದಲಾಗುತ್ತವೆ. ಪೂರ್ವಕ್ಕೆ ಹೋಗುವಾಗ ರಾತ್ರಿ ಒಂದು ಗಂಟೆ ಮುಂದೆ ಮಾಡಬೇಕು. ಅದನ್ನು ಒಬ್ಬರ ಪಾಳಿಗೇ ಹಾಕಿದರೆ ಜಗಳ. ಮೂರು ಪಾಳಿಗೆ ಇಪ್ಪತ್ತಿಪ್ಪತ್ತು ನಿಮಿಷ ಹಂಚುತ್ತಿದ್ದೆವು. ಆದರೆ ಚಾರ್ಟ್ ರೂಮಿನ ಕ್ರೋನೋಮೀಟರ್ (ಬಹಳ ನಿಖರವಾದ ಗಡಿಯಾರ) ಮಾತ್ರ ಯಾರೂ ಮುಟ್ಟುವಂತಿಲ್ಲ. ಅದು ಸದಾ ಗ್ರೀನಿಚ್. ರೇಡಿಯೋ ಲಾಗ್, ಹವಾಮಾನದ ನಕ್ಷೆ, ನಕ್ಷತ್ರದ ಲೆಕ್ಕ ಎಲ್ಲ ಅದರ ಮೇಲೆ. ಪೈಲಟ್‌ಗಳೂ ಅಷ್ಟೇ. ರೋಲೆಕ್ಸ್‌ನವರು ಐವತ್ತರ ದಶಕದಲ್ಲಿ ಪ್ಯಾನ್ ಆಮ್ ವಿಮಾನದವರಿಗೆ ಅಂತ ಜಿಎಂಟಿ ವಾಚು ಮಾಡಿದಾಗ ಅದರ ಹೆಸರಲ್ಲೇ ಗ್ರೀನಿಚ್ ಇತ್ತು, ಯಾವ ಊರೂ ಇರಲಿಲ್ಲ.

ಇನ್ನು ಬಿಟ್ಟಿ ಉಪಾಯ ಒಂದು. ನಿನ್ನ ಹತ್ತಿರ ಈಗ ಮುಳ್ಳಿನ ವಾಚು ಇದೆಯಾ? ಇದ್ದರೆ ಬಿಚ್ಚಿ ತಲೆಕೆಳಗೆ ಹಿಡಿ. ನಮ್ಮಲ್ಲಿ ಮಧ್ಯಾಹ್ನ ಎರಡು ಗಂಟೆ ಅಂತ ಇಟ್ಟುಕೋ. ತಲೆಕೆಳಗೆ ಮಾಡಿದರೆ ಗಂಟೆಯ ಮುಳ್ಳು ಎಂಟರ ಜಾಗದಲ್ಲಿ, ನಿಮಿಷದ ಮುಳ್ಳು ಆರರ ಜಾಗದಲ್ಲಿ. ಎಂಟೂವರೆ. ಯುಟಿಸಿ ಅದೇ! ಹಳೇ ಎಚ್‌ಎಂಟಿಯಲ್ಲೂ ನಡೆಯುತ್ತದೆ. ಒಂದೇ ಎಚ್ಚರ, ಗಂಟೆಯ ಮುಳ್ಳು ಯಾವಾಗಲೂ ಅರ್ಧ ಗಂಟೆ ಹಿಂದೆ ಬಿದ್ದಂತೆ ಕಾಣುತ್ತದೆ. ನಮ್ಮಲ್ಲಿ 2:40 ಆದಾಗ ತಲೆಕೆಳಗಿನ ಮುಳ್ಳು ಎಂಟು ದಾಟಿ ಒಂಬತ್ತರ ಕಡೆಗೆ ಇರುತ್ತದೆ, ನಿಮಿಷ ಹತ್ತು. 8:10 ಅಂತ ಓದಬಾರದು, 9:10. ಮುಳ್ಳಿಗೆ ಯಾವ ಅಂಕಿ ಹತ್ತಿರವೋ ಅದನ್ನು ಹಿಡಿ.

ಘಾಟ್ಕೋಪರ್_ಗೌಡ

ಅಣ್ಣಾ, ಈಗಷ್ಟೇ ವಾಚು ಬಿಚ್ಚಿ ತಿರುಗಿಸಿ ನೋಡಿದೆ. ಎದುರು ಕೂತವರು ನನ್ನನ್ನೇ ನೋಡುತ್ತಿದ್ದಾರೆ.

ಈ ಅರ್ಧ ಗಂಟೆ ಬಂದಿದ್ದಾದರೂ ಎಲ್ಲಿಂದ? ಪಾಕಿಸ್ತಾನ ಸರಿಯಾಗಿ ಐದು, ಬಾಂಗ್ಲಾ ಸರಿಯಾಗಿ ಆರು. ನಡುವೆ ನಾವು ಮಾತ್ರ ಹೀಗೆ.

ಪುಣೆ_ವಾಚುಹುಚ್ಚ

ನಡುವೆ ಇರುವುದಕ್ಕೇ ಹೀಗೆ. ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶವನ್ನು ಇಡೀ ದೇಶಕ್ಕೆ ಹಿಡಿದರು. ಹದಿನೈದು ಡಿಗ್ರಿಗೆ ಒಂದು ಗಂಟೆ, ಭಾಗಿಸಿದರೆ ಐದೂವರೆ. 1906ರ ಜನವರಿ 1ರಿಂದ ಜಾರಿ. ಆದರೆ ನಿಮ್ಮ ಮುಂಬೈ ಒಪ್ಪಲಿಲ್ಲ. ಬಾಂಬೆ ಟೈಮ್ ಅಂತ ಗ್ರೀನಿಚ್‌ಗಿಂತ 4 ಗಂಟೆ 51 ನಿಮಿಷ ಮುಂದಿನ ತನ್ನದೇ ಸಮಯ ಇಟ್ಟುಕೊಂಡಿತ್ತು, ದೇಶದ ಸಮಯಕ್ಕಿಂತ 39 ನಿಮಿಷ ಹಿಂದೆ. ಅದು ಪೂರ್ತಿ ಹೋಗಿದ್ದು 1955ರಲ್ಲಿ. ಆಗ ನಮ್ಮ ಅಕ್ಕ ಕ್ರೂಯಿಂಗ್ ಮಾಡಿದ್ದರೆ ಯಾವ ಬೆಜೆಲ್ಲೂ ಸಾಕಾಗುತ್ತಿರಲಿಲ್ಲ.

ಹಳೇಮೇಟ್ ಅಣ್ಣನ ಮಾತಿಗೆ ನನ್ನ ಪೂರ್ತಿ ಓಟು. ಎಇ-1200ನಲ್ಲಿ ವರ್ಲ್ಡ್ ಟೈಮ್ ಅನ್ನು ಯುಟಿಸಿಗೆ ಇಟ್ಟುಬಿಟ್ಟರೆ ಊರು ಹುಡುಕುತ್ತಾ ಬಟನ್ ಒತ್ತುವ ಕೆಲಸ ಉಳಿಯುವುದಿಲ್ಲ.

ವಾಸ್ಕೋ_ಹಳೇಮೇಟ್

ಮುಂಬೈ ಒಂದೇ ಅಲ್ಲ. ಸಿಂಗಪುರವೂ 1981ರ ಕೊನೆಯವರೆಗೆ ಏಳೂವರೆ ಇತ್ತು. ನಮ್ಮಿಂದ ಸರಿಯಾಗಿ ಎರಡು ಗಂಟೆ ಮುಂದೆ. ಮಲೇಷ್ಯಾದ ಜೊತೆ ಹೊಂದಿಸಿಕೊಳ್ಳಲು ಎಂಟು ಮಾಡಿಕೊಂಡರು. ನನ್ನ ಸೀನಿಯರ್‌ಗಳು ಆ ಅರ್ಧ ಗಂಟೆಗೆ ಬಹಳ ಕಾಲ ಬೈಯುತ್ತಿದ್ದರು.

ಥಾಣೆ_ಕುಮಟಾ

ಅಣ್ಣ, ಮಾರ್ಚ್ ವಿಷಯ ನೂರಕ್ಕೆ ನೂರು. ಮೇಲ್ ತೆರೆದು ನೋಡಿದೆ. ಹೆಸರು ಹೇಳುವುದಿಲ್ಲ, ಒಬ್ಬ ಥರ್ಡ್ ಎಂಜಿನಿಯರ್ ಹೋಟೆಲ್ ಲಾಬಿಯಲ್ಲಿ ಒಂದು ಗಂಟೆ ಸೂಟ್‌ಕೇಸ್ ಮೇಲೆ ಕೂತಿದ್ದ.

ಫೋರ್ಟ್ ಕಡೆ ಕೆಲಸ ಇತ್ತು, ಅಲ್ಲೇ ಎಇ-1200 ತಗೊಂಡೆ. ಪ್ಲಾಸ್ಟಿಕ್ ಪಟ್ಟಿಯದ್ದು. ಚರ್ಮದ ಪಟ್ಟಿ ಜುಲೈನಲ್ಲಿ ಬೂಸ್ಟು ಹಿಡಿಯುತ್ತದೆ, ಸ್ಟೀಲಿನದ್ದರಲ್ಲಿ ನನ್ನ ಕೈಗೆ ಕಡಿಮೆಯೆಂದರೂ ಐದಾರು ಕೊಂಡಿ ತೆಗೆಯಬೇಕಿತ್ತು. ಒಳಗಿಂದ ಮೂರನೇ ತೂತಿಗೆ ಸರಿಯಾಗಿ ಕೂತಿದೆ. ಗಂಡ ನೋಡಿ "ಇದು ನನಗೆ ತಂದಿದ್ದಾ?" ಅಂದರು.

ಒಂದು ತೊಂದರೆ. ಅಂಗಡಿಯಲ್ಲಿ ಹುಡುಗ ಸಮಯ ಸೆಟ್ ಮಾಡಿ ಕೊಟ್ಟ. ನಮ್ಮ ಸಮಯ ಸರಿಯಾಗಿದೆ. ಆದರೆ ಯುಟಿಸಿ ತಪ್ಪು. ಈಗ ಸಂಜೆ 7:00, ಅದು ಬೆಳಿಗ್ಗೆ 10:00 ತೋರಿಸುತ್ತಿದೆ. ಮಧ್ಯಾಹ್ನ 1:30 ಇರಬೇಕಲ್ಲ? ಪೀಸೇ ಕೆಟ್ಟಿದೆಯಾ? ವಾಪಸ್ ಕೊಡಬೇಕಾ?

ಪುಣೆ_ವಾಚುಹುಚ್ಚ

ಕೆಟ್ಟಿಲ್ಲ ಅಕ್ಕ. ಏಳಕ್ಕೂ ಹತ್ತಕ್ಕೂ ಒಂಬತ್ತು ಗಂಟೆ ವ್ಯತ್ಯಾಸ ಅಂದರೆ ವಾಚು ಇನ್ನೂ ಟೋಕಿಯೋದಲ್ಲೇ ಕೂತಿದೆ. ಹುಡುಗ ಹೋಮ್ ಸಿಟಿ ಬದಲಾಯಿಸದೆ ಬರೀ ಗಂಟೆ, ನಿಮಿಷ ತಿದ್ದಿದ್ದಾನೆ. ಸೆಟ್ಟಿಂಗಿಗೆ ಹೋಗಿ ಊರನ್ನು ಮೊದಲು ಡಿಇಎಲ್ (ದೆಹಲಿ) ಮಾಡಿ. ಆಗ ಗಂಟೆ ಮೂರೂವರೆ ಹಿಂದೆ ಹೋಗುತ್ತದೆ, ಗಾಬರಿ ಬೀಳಬೇಡಿ. ಆಮೇಲೆ ಸಮಯ ತಿದ್ದಿ. ಈ ಕ್ರಮ ತಪ್ಪಿದರೆ ಪ್ರಪಂಚದ ಎಲ್ಲ ಊರೂ ತಪ್ಪು ತೋರಿಸುತ್ತದೆ. ಡಿಇಎಲ್‌ಗೆ ಡಿಎಸ್‌ಟಿ ಆಫ್ ಇದೆಯಾ ಅಂತಲೂ ಒಮ್ಮೆ ನೋಡಿಕೊಳ್ಳಿ.

ಥಾಣೆ_ಕುಮಟಾ

ಟಿವೈಓ ಅಂತಲೇ ಇತ್ತು! ಸರಿಹೋಯ್ತು, 1:41 ತೋರಿಸುತ್ತಿದೆ, ಹಡಗಿನ ಮೇಲ್ ಜೊತೆ ತಾಳೆ ಆಯಿತು. ಇನ್ನು ಗಂಟೆಗೊಮ್ಮೆ ಪೀಪ್ ಅನ್ನುತ್ತದಲ್ಲ, ಅದನ್ನು ಎಲ್ಲಿ ನಿಲ್ಲಿಸುವುದು?

ಪುಣೆ_ವಾಚುಹುಚ್ಚ

ಅಲಾರಂ ಮೋಡ್‌ಗೆ ಹೋಗಿ. ಐದು ಅಲಾರಂ ದಾಟಿದ ಮೇಲೆ ಎಸ್‌ಐಜಿ ಅಂತ ಬರುತ್ತದೆ, ಅದನ್ನು ಆಫ್ ಮಾಡಿ.